ಸೇತುವೆ ಇದ್ದೂ ಫೆರಿ ಏಕೆ?

ಸಂಜೆ ಐದೂವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ಫೆರಿ ಬಿಲ್ಡಿಂಗ್ ಹಿಂದೆ ನೀರಿಗೆ ಮುಖಮಾಡಿ ನಿಂತರೆ ಬಲಗಡೆ ಬೇ ಬ್ರಿಜ್ ಕಾಣುತ್ತದೆ. ಅದರ ಕೆಳ ಅಂತಸ್ತಿನಲ್ಲಿ ಓಕ್ಲೆಂಡ್ ಕಡೆಗೆ ಕಾರುಗಳು ತೆವಳುತ್ತಿರುತ್ತವೆ. ಕಣ್ಣಿಗೆ ಬೀಳದ ಇನ್ನೊಂದು ದಾರಿಯೂ ಇದೆ. ಕೊಲ್ಲಿಯ ತಳದಲ್ಲಿ ಹೂತಿಟ್ಟ ಕೊಳವೆಯೊಳಗೆ ಬಾರ್ಟ್ ರೈಲು ಕೆಲವೇ ನಿಮಿಷಗಳಲ್ಲಿ ಅದೇ ಓಕ್ಲೆಂಡ್ ತಲುಪುತ್ತದೆ. ಇವೆರಡೂ ಇರುವಾಗ ಎದುರಿನ ಕಟ್ಟೆಯ ಮೇಲೆ ನೂರಾರು ಜನ, ಕೆಲವರು ಸೈಕಲ್ ಹಿಡಿದು, ಹಡಗಿಗಾಗಿ ಸಾಲು ನಿಂತಿರುತ್ತಾರೆ. ಮೇಲೊಂದು ದಾರಿ, ಅಡಿಯಲ್ಲೊಂದು ದಾರಿ ಇದ್ದೂ ನಡುವೆ ಇದೊಂದು ಏಕೆ?

ಗಾಳಿ, ಬಿಸಿಲು, ಕುಳಿತು ಹೋಗುವ ಸುಖ ಎಂದೆಲ್ಲ ಉತ್ತರ ಕೊಡಬಹುದು. ಅವೆಲ್ಲ ನಿಜವೇ. ಆದರೆ ಫೆರಿ ಬದುಕುವುದೂ ಸಾಯುವುದೂ ಬೇರೆ ಕಾರಣಗಳಿಂದ. ಆ ಕಾರಣಗಳಲ್ಲಿ ಹೆಚ್ಚಿನವು ನೀರಿನಲ್ಲಿಲ್ಲ, ದಡದಲ್ಲಿವೆ. ಫೆರಿ ಎಂದೊಡನೆ ನಾವು ಹಡಗಿನ ವೇಗವನ್ನು ವಿಚಾರಿಸುತ್ತೇವೆ. ಅದನ್ನು ನಡೆಸುವವರ ನಿದ್ದೆ ಕೆಡಿಸುವುದು ಹಡಗು ನಿಂತಿರುವ ಹೊತ್ತು.

ಮೊದಲು ಸ್ವಲ್ಪ ಹಿನ್ನೆಲೆ. ಫೆರಿ ಬಿಲ್ಡಿಂಗ್ ತೆರೆದದ್ದು 1898ರಲ್ಲಿ. ಸ್ಪೇನಿನ ಸೆವಿಲ್ ನಗರದ ಗಿರಾಲ್ಡಾ ಗೋಪುರವನ್ನು ನೆನಪಿಸುವ 245 ಅಡಿಯ ಗಡಿಯಾರ ಗೋಪುರ ಅದರದು. ಆಗ ಕೊಲ್ಲಿಗೆ ಸೇತುವೆ ಇರಲಿಲ್ಲ. ಪೂರ್ವದಿಂದ ಬರುವ ರೈಲುಗಳು ಓಕ್ಲೆಂಡ್ ದಡದಲ್ಲಿ ಮುಗಿದು, ಪ್ರಯಾಣಿಕರು ಫೆರಿ ಹತ್ತಿಯೇ ನಗರ ಸೇರಬೇಕಿತ್ತು. 1930ರ ಸುಮಾರಿಗೆ ವರ್ಷಕ್ಕೆ ಐದು ಕೋಟಿಯ ಆಸುಪಾಸಿನಷ್ಟು ಜನ ಈ ಕಟ್ಟಡದ ಮೂಲಕ ಹಾದುಹೋಗುತ್ತಿದ್ದರು.

ಆ ಕಾಲದ ಹಡಗುಗಳಿಗೆ ಮುಂದು-ಹಿಂದು ಎಂಬ ಭೇದವಿರಲಿಲ್ಲ. ಎರಡೂ ತುದಿ ಒಂದೇ ಆಕಾರ, ಎರಡೂ ಕಡೆ ಚುಕ್ಕಾಣಿ. ದಡಕ್ಕೆ ಬಂದ ಹಡಗು ತಿರುಗದೆ ಬಂದ ದಾರಿಯಲ್ಲೇ ಹೊರಟುಬಿಡುತ್ತಿತ್ತು. ಕಟ್ಟಡದ ಮೇಲಂತಸ್ತಿನಿಂದ ನೇರವಾಗಿ ಹಡಗಿನ ಮೇಲಂತಸ್ತಿಗೂ ಕೆಳಗಿನಿಂದ ಕೆಳಗಿನದಕ್ಕೂ ಬೇರೆಬೇರೆ ದಾರಿಗಳಿದ್ದವು. ನಿಧಾನಗತಿಯ ಹಡಗುಗಳು ಅಷ್ಟೊಂದು ಜನರನ್ನು ಸಾಗಿಸಿದ್ದರ ಹಿಂದೆ ಈ ಜಾಣತನವಿತ್ತು.

1936ರ ನವೆಂಬರಿನಲ್ಲಿ ಬೇ ಬ್ರಿಜ್, 1937ರ ಮೇ ತಿಂಗಳಲ್ಲಿ ಗೋಲ್ಡನ್ ಗೇಟ್ ಸೇತುವೆ ತೆರೆದವು. 1939ರಲ್ಲಿ ಬೇ ಬ್ರಿಜ್‌ನ ಕೆಳ ಅಂತಸ್ತಿನ ಮೇಲೆ ರೈಲೂ ಓಡತೊಡಗಿತು. ಫೆರಿಯ ಕಾಲ ಮುಗಿದಿತ್ತು. 1941ರಲ್ಲಿ ಗೋಲ್ಡನ್ ಗೇಟ್ ಸೇತುವೆಯಾಚೆಯ ಸಾಸಲೀಟೊ ಪಟ್ಟಣದ ಮಾರ್ಗ ನಿಂತಿತು, 1958ರಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆಯ ಕಡೆಯ ಫೆರಿಯೂ ನಿಂತಿತು. ಅಷ್ಟು ಸಾಲದೆಂಬಂತೆ ಫೆರಿ ಬಿಲ್ಡಿಂಗ್‌ನ ಮೋರೆಗೆ ಅಡ್ಡಲಾಗಿ ಎರಡಂತಸ್ತಿನ ಎಂಬಾರ್ಕಡೆರೊ ಎತ್ತರದ ಹೆದ್ದಾರಿ ಎದ್ದು ನಿಂತಿತು. ನಗರ ತನ್ನ ಹೆಬ್ಬಾಗಿಲಿಗೆ ತಾನೇ ಕಾಂಕ್ರೀಟಿನ ಪರದೆ ಎಳೆದುಕೊಂಡಿತು.

ಮರಳಿ ಬಂದದ್ದು ಸೇತುವೆಯವರಿಂದಲೇ ಎನ್ನುವುದು ತಮಾಷೆ. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಗೋಲ್ಡನ್ ಗೇಟ್ ಸೇತುವೆ ಬೆಳಿಗ್ಗೆ-ಸಂಜೆ ಕಾರುಗಳಿಂದ ಗಂಟಲುಮಟ್ಟ ತುಂಬಿತ್ತು. ಅದರ ಆಡಳಿತ ಮಂಡಳಿಯೇ 1970ರ ಆಗಸ್ಟಿನಲ್ಲಿ ಸಾಸಲೀಟೊಗೆ ಫೆರಿ ಹೊರಡಿಸಿತು, 1976ರಲ್ಲಿ ಅದೇ ದಡದ ಲಾರ್ಕ್‌ಸ್ಪರ್‌ಗೂ. ಸೇತುವೆಯ ಮೇಲೆ ವಸೂಲಾದ ಟೋಲ್ ಹಣದಿಂದ ಸೇತುವೆಯ ಹೊರೆ ಇಳಿಸುವ ಹಡಗುಗಳು ಓಡಿದವು. ಇಂದಿಗೂ ಹಾಗೆಯೇ.

ಎರಡನೆಯ ಮರುಹುಟ್ಟಿಗೆ ಭೂಕಂಪ ಬೇಕಾಯಿತು. 1989ರ ಅಕ್ಟೋಬರ್ 17ರಂದು ಸಂಜೆ 5 ಗಂಟೆ 4 ನಿಮಿಷಕ್ಕೆ ಲೋಮಾ ಪ್ರಿಯೆಟಾ ಭೂಕಂಪವಾಯಿತು. ತೀವ್ರತೆ 6.9. ಬೇ ಬ್ರಿಜ್‌ನ ಮೇಲಂತಸ್ತಿನ ಸುಮಾರು 50 ಅಡಿಯ ಒಂದು ತುಂಡು ಕುಸಿದು ಕೆಳ ಅಂತಸ್ತಿನ ಮೇಲೆ ಬಿತ್ತು. ಸೇತುವೆ ಒಂದು ತಿಂಗಳು ಮುಚ್ಚಿತು. ಕೆಲವೇ ದಿನಗಳಲ್ಲಿ ಓಕ್ಲೆಂಡ್, ಅಲಮೀಡ, ಬರ್ಕ್ಲಿ ದಡಗಳಿಂದ ತುರ್ತು ಫೆರಿಗಳು ಹೊರಟವು. ಸೇತುವೆ ದುರಸ್ತಿಯಾದ ಮೇಲೂ ಓಕ್ಲೆಂಡ್-ಅಲಮೀಡ ಮಾರ್ಗವನ್ನು ಜನ ಬಿಡಲಿಲ್ಲ. ಏಟು ತಿಂದ ಎಂಬಾರ್ಕಡೆರೊ ಹೆದ್ದಾರಿಯನ್ನು 1991ರಲ್ಲಿ ಕೆಡವಿದರು. ಹೆದ್ದಾರಿ ಹೋದದ್ದೇ ಫೆರಿ ಬಿಲ್ಡಿಂಗ್ ಮತ್ತೆ ಬೀದಿಗೆ ಅಂಟಿಕೊಂಡಿತು. ಹೊಸ ಹಡಗುಗಳಷ್ಟೇ ಉಪಕಾರವನ್ನು ಆ ಕೆಡವುವಿಕೆಯೂ ಫೆರಿಗೆ ಮಾಡಿತೆಂದು ನನ್ನ ಎಣಿಕೆ.

ಇನ್ನು ಹಡಗಿನ ವಿಚಾರ. ಇಂದು ಕೊಲ್ಲಿಯಲ್ಲಿ ಓಡುವ ಹೊಸ ಫೆರಿಗಳು ಬಹುಪಾಲು ಕಟಮರಾನ್‌ಗಳು. ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು. ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಮರವೂ ಇಲ್ಲ, ಕಟ್ಟೂ ಇಲ್ಲ. ಅಲ್ಯುಮಿನಿಯಂನ ಎರಡು ತೆಳ್ಳನೆಯ ಉದ್ದನೆಯ ಒಡಲುಗಳು, ಅವುಗಳ ಮೇಲೆ ಸೇತುವೆಯಂತೆ ಕೂರಿಸಿದ ಪ್ರಯಾಣಿಕರ ಅಂತಸ್ತುಗಳು. ದಪ್ಪ ಒಡಲಿನ ಹಡಗು ನೀರನ್ನು ತಳ್ಳಿಕೊಂಡು ಹೋಗುತ್ತದೆ. ತನ್ನ ಮುಂದೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಒಂದು ವೇಗಕ್ಕೆ ಏದುಸಿರು ಬಿಡುತ್ತದೆ. ತೆಳ್ಳನೆಯ ಒಡಲು ಅದೇ ನೀರನ್ನು ಸೀಳಿಕೊಂಡು ಹೋಗುತ್ತದೆ, ಎಬ್ಬಿಸುವ ಅಲೆಯೂ ಸಣ್ಣದು. ಒಂದೇ ತೆಳ್ಳನೆಯ ಒಡಲಾದರೆ ಹಡಗು ಮಗುಚೀತು, ಅದಕ್ಕೆ ಎರಡು.

ಆದರೂ ನೀರು ವೇಗಕ್ಕೆ ದುಬಾರಿ ಸುಂಕ ಹಾಕುತ್ತದೆ. ಹಡಗಿನ ವೇಗ ಹೆಚ್ಚಿದಂತೆ ಬೇಕಾಗುವ ಎಂಜಿನ್ ಶಕ್ತಿ ಸರಿಸುಮಾರು ವೇಗದ ಘನದಂತೆ ಏರುತ್ತದೆ. 2017ರಲ್ಲಿ ಬಂದ ಹೈಡ್ರಸ್ ಬಗೆಯ ಹಡಗುಗಳು 400 ಜನರನ್ನು ಹೊತ್ತು 27 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ 50 ಕಿಲೋಮೀಟರಿನಷ್ಟು, ಓಡುತ್ತವೆ. ವಲೇಹೋದಂಥ ದೂರದ ಮಾರ್ಗಕ್ಕೆಂದು ಕಟ್ಟಿದ ಪಿಕ್ಸಿಸ್ ಬಗೆಯವು 445 ಜನರನ್ನು ಹೊತ್ತು 34 ನಾಟ್ ಓಡುತ್ತವೆ. 27ರಿಂದ 34ಕ್ಕೆ ಏರುವುದು ಕಾಲು ಭಾಗದ ಏರಿಕೆ ಅಷ್ಟೆ. ಘನದ ಲೆಕ್ಕದಲ್ಲಿ ಶಕ್ತಿ ಮಾತ್ರ ಇಮ್ಮಡಿ. (ಈ ಹಡಗುಗಳಿಗೆಲ್ಲ ನಕ್ಷತ್ರಪುಂಜಗಳ ಹೆಸರು. ಯಾರೋ ಖಗೋಳಪ್ರಿಯರು ಆ ಕುರ್ಚಿಯಲ್ಲಿ ಕುಳಿತಿದ್ದಿರಬೇಕು.) ಒಂದು ಗಂಟೆಯ ದೀರ್ಘ ಮಾರ್ಗದಲ್ಲಿ ಈ ವೇಗಕ್ಕೆ ಅರ್ಥವಿದೆ. ಹತ್ತು ನಾಟಿಕಲ್ ಮೈಲಿಯ ಮಾರ್ಗದಲ್ಲಿ ಉಳಿಯುವುದು ನಾಲ್ಕೂವರೆ ನಿಮಿಷ.

ಈ ಪಾಠವನ್ನು ಲಾರ್ಕ್‌ಸ್ಪರ್ ಮಾರ್ಗ ಕಷ್ಟಪಟ್ಟು ಕಲಿತಿತು. 1976ರ ಮೂರು ಹಡಗುಗಳಿಗೆ ಗ್ಯಾಸ್ ಟರ್ಬೈನ್ ಎಂಜಿನ್ ಹಾಕಿದ್ದರು. ಓಟವೇನೋ ಜೋರಾಗಿತ್ತು, ಎಣ್ಣೆಯ ಬೆಲೆ ಅದಕ್ಕಿಂತ ಜೋರಾಗಿ ಓಡಿತು. ಎಂಬತ್ತರ ದಶಕದಲ್ಲಿ ಟರ್ಬೈನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿ, ವೇಗ ಇಳಿಸಿಕೊಂಡು ಓಡಿಸಬೇಕಾಯಿತು. ಮತ್ತೆ ಅರ್ಧ ಗಂಟೆಯಲ್ಲಿ ದಾಟುವಂತಾದದ್ದು 1998ರಲ್ಲಿ ಡೆಲ್ ನೋರ್ಟೆ ಎಂಬ ಕಟಮರಾನ್ ಬಂದ ಮೇಲೆ.

ಈಗ ದಡಕ್ಕೆ ಬರೋಣ. ಒಂದು ಮಾದರಿ ಲೆಕ್ಕ ಹಾಕುತ್ತೇನೆ. ಕೊಲ್ಲಿ ದಾಟಲು 25 ನಿಮಿಷ, ಪ್ರತಿ ದಡದಲ್ಲಿ ಜನರನ್ನು ಇಳಿಸಿ ಹತ್ತಿಸಲು 10 ನಿಮಿಷ ಎಂದಿಟ್ಟುಕೊಳ್ಳಿ. ಹೋಗಿ ಬಂದು ಮತ್ತೆ ಹೊರಡಲು ಸಿದ್ಧವಾಗುವಷ್ಟರಲ್ಲಿ 70 ನಿಮಿಷ. ಅರ್ಧ ಗಂಟೆಗೊಂದು ಫೆರಿ ಬಿಡಬೇಕು. ಎರಡೇ ಹಡಗುಗಳಿದ್ದರೆ ಮೊದಲು ಹೊರಟದ್ದು 60ನೆಯ ನಿಮಿಷಕ್ಕೆ ಮತ್ತೆ ಹೊರಡಬೇಕು, ಆದರೆ ಅದು ಸಿದ್ಧವಾಗುವುದು 70ಕ್ಕೆ. ಆ ಹತ್ತು ನಿಮಿಷದ ಕೊರತೆ ತುಂಬಲು ಮೂರನೆಯ ಹಡಗು ಬೇಕು. ಜೊತೆಗೆ ಇನ್ನೊಬ್ಬ ಕ್ಯಾಪ್ಟನ್, ಇನ್ನಷ್ಟು ಖಲಾಸಿಗಳು, ಇನ್ನಷ್ಟು ಎಣ್ಣೆ.

ತಪ್ಪಿಸಿಕೊಳ್ಳಲು ಎರಡು ದಾರಿಗಳಿವೆ. ಒಂದು, ನೀರಿನ ಮೇಲಿನ 25 ನಿಮಿಷವನ್ನು 20ಕ್ಕೆ ಇಳಿಸುವುದು. ವೇಗ ಕಾಲು ಭಾಗ ಹೆಚ್ಚಬೇಕು, ಎಂಜಿನ್ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ಇನ್ನೊಂದು, ದಡದ ಹತ್ತು ನಿಮಿಷವನ್ನು ಐದಕ್ಕೆ ಇಳಿಸುವುದು. ಅದಕ್ಕೆ ಬೇಕಾದದ್ದು ಇನ್ನೊಂದು ಬಾಗಿಲು, ಇನ್ನೊಂದು ಕಾಲುಸೇತುವೆ. ಎರಡರಿಂದಲೂ ಸಿಗುವುದು ಅದೇ 60 ನಿಮಿಷ.

ಆ ಹತ್ತು ನಿಮಿಷದಲ್ಲಿ ಏನೇನಾಗುತ್ತದೆ ಎಂದು ಹತ್ತಿರದಿಂದ ನೋಡಿ. ಹಡಗು ಕಟ್ಟೆಯನ್ನು ಸಮೀಪಿಸುತ್ತ ವೇಗ ಕಳೆದುಕೊಳ್ಳುತ್ತದೆ. ಹರಿವು ಅಡ್ಡಲಾಗಿ ತಳ್ಳುತ್ತಿದ್ದರೆ ಕ್ಯಾಪ್ಟನ್ ಎರಡು ಒಡಲುಗಳ ಎಂಜಿನ್‌ಗಳನ್ನು ಒಂದು ಮುಂದಕ್ಕೆ ಒಂದು ಹಿಂದಕ್ಕೆ ಓಡಿಸಿ ಹಡಗನ್ನು ನಿಂತಲ್ಲೇ ತಿರುಗಿಸುತ್ತಾನೆ. ಖಲಾಸಿ ಹಗ್ಗದ ಕುಣಿಕೆಯನ್ನು ಕಬ್ಬಿಣದ ಗೂಟಕ್ಕೆ ಎಸೆದು ಬಿಗಿಯುತ್ತಾನೆ, ಎಂಜಿನ್ ಹಡಗನ್ನು ಕಟ್ಟೆಗೆ ಒತ್ತಿ ಹಿಡಿದಿರುತ್ತದೆ. ಕಾಲುಸೇತುವೆ ಕೂಡಿಕೊಳ್ಳುತ್ತದೆ, ಸರಪಳಿ ಸರಿಯುತ್ತದೆ. ಆಮೇಲೆ ಜನ. ಸೆಕೆಂಡಿಗೊಬ್ಬರಂತೆ ಇಳಿದರೂ 400 ಜನರಿಗೆ ಆರೂಮುಕ್ಕಾಲು ನಿಮಿಷ ಹತ್ತಿರ. ಸೈಕಲ್ ತಳ್ಳಿಕೊಂಡು ಬರುವವರಿಗೆ, ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿಗೆ ಸೆಕೆಂಡು ಸಾಲದು. ಒಂದೇ ಬಾಗಿಲಾದರೆ ಇಳಿಯುವವರು ಮುಗಿಯುವವರೆಗೆ ಹತ್ತುವವರು ನಿಂತಿರಬೇಕು. ಹಳೆಯ ಫೆರಿಗಳ ಎರಡಂತಸ್ತಿನ ದಾರಿಗಳನ್ನು ಈಗ ನೆನೆಯಬಹುದು.

ಈ ಕಟ್ಟೆಯೂ ಗಟ್ಟಿ ನೆಲವಲ್ಲ. ಕೊಲ್ಲಿಯಲ್ಲಿ ಉಬ್ಬರ-ಇಳಿತಗಳ ನಡುವೆ ನೀರಿನ ಮಟ್ಟ ಸಾಮಾನ್ಯವಾಗಿ ಆರು ಅಡಿಯ ಹತ್ತಿರ ಏರಿಳಿಯುತ್ತದೆ. ಹಡಗು ಅದರೊಂದಿಗೆ ಏರಿಳಿಯುತ್ತದೆ, ನೆಲ ಏರಿಳಿಯುವುದಿಲ್ಲ. ಆದ್ದರಿಂದ ನಡುವೆ ತೇಲುವ ಕಟ್ಟೆ: ತಳದಲ್ಲಿ ಊರಿದ ದಪ್ಪ ಕಂಬಗಳನ್ನು ಬಳಸಿಕೊಂಡು ಮೇಲೆ-ಕೆಳಗೆ ಸರಿಯುವ ಪೊಳ್ಳು ಪೆಟ್ಟಿಗೆ. ನೆಲದಿಂದ ಅದಕ್ಕೆ ಕೀಲು ಹಾಕಿದ ಕಾಲುಸೇತುವೆ. ಗಾಲಿಕುರ್ಚಿ ಸಲೀಸಾಗಿ ಸಾಗಲು ಇಳಿಜಾರು 12 ಅಡಿಗೆ ಒಂದು ಅಡಿ ಮೀರಬಾರದೆಂಬುದು ಒಪ್ಪಿತ ಅಳತೆ. ಆರು ಅಡಿಯ ಏರಿಳಿತಕ್ಕೆ 72 ಅಡಿ ಉದ್ದದ ಸೇತುವೆ ಬೇಕಾಯಿತು. ಹಡಗಿನ ಚಿತ್ರ ತೆಗೆಯುವವರು ಸಾವಿರ, ಈ 72 ಅಡಿಯ ಚಿತ್ರ ತೆಗೆದವರನ್ನು ನಾನು ಕಾಣೆ.

ಅಲ್ಲದೆ ಈ ಕೊಲ್ಲಿ ನೋಡುವುದಕ್ಕೆ ಸಮುದ್ರ, ಅಳೆದರೆ ಕೆರೆ. ಗೋಲ್ಡನ್ ಗೇಟ್ ಅಡಿಯಲ್ಲಿ 300 ಅಡಿಗೂ ಮಿಕ್ಕ ಆಳವಿದೆ, ನಿಜ. ಆದರೆ ಒಳಗಿನ ಬಹುಭಾಗ ಒಬ್ಬರ ಮೇಲೊಬ್ಬರು ಇಬ್ಬರು ನಿಂತರೆ ಮೇಲಿನವರ ತಲೆ ಕಾಣುವಷ್ಟೇ ಆಳ. ಪೂರ್ವದ ದಡವಂತೂ ಕೆಸರಿನ ಬಯಲು. ಬರ್ಕ್ಲಿಯಲ್ಲಿ 1926ರಲ್ಲಿ ಕಾರು ಸಾಗಿಸುವ ಫೆರಿಗಾಗಿ ಜೆಟ್ಟಿ ಕಟ್ಟಲು ಹೊರಟವರು ಸಾಕಷ್ಟು ಆಳ ಸಿಗುವವರೆಗೆ ಕಂಬ ನೆಡುತ್ತ ಹೋದರು, ಮೂರು ಮೈಲಿಗೂ ಉದ್ದವಾಯಿತು. ಹತ್ತೇ ವರ್ಷದಲ್ಲಿ ಬೇ ಬ್ರಿಜ್ ಬಂದು ಆ ಜೆಟ್ಟಿಗೆ ಕೆಲಸವಿಲ್ಲದಂತೆ ಮಾಡಿತು. ಮುರಿದ ಕಂಬಗಳ ಸಾಲು ನೀರಿನಲ್ಲಿ ಈಗಲೂ ನಿಂತಿದೆ.

ಜೆಟ್ಟಿಯನ್ನು ಆಳದವರೆಗೆ ಒಯ್ಯದಿದ್ದರೆ ಆಳವನ್ನೇ ಜೆಟ್ಟಿಯವರೆಗೆ ತರಬೇಕು, ಎಂದರೆ ಹೂಳೆತ್ತಿ ಕಾಲುವೆ ತೋಡಬೇಕು. ಎತ್ತಿದ ಹೂಳು ಮತ್ತೆ ತುಂಬುತ್ತದೆ. ಮೀನುಗಳು ಮೊಟ್ಟೆಯಿಡುವ, ವಲಸೆ ಹೋಗುವ ತಿಂಗಳುಗಳಲ್ಲಿ ಎತ್ತುವಂತಿಲ್ಲ. ತೋಡಿದ ಕಿರಿದಾದ ಕಾಲುವೆಯಲ್ಲಿ ಹಡಗು ಜೋರಾಗಿಯೂ ಓಡುವಂತಿಲ್ಲ. ಅದು ಎಬ್ಬಿಸುವ ಅಲೆ ಪಕ್ಕದ ಜೌಗುದಂಡೆಯನ್ನು ಕೊರೆಯುತ್ತದೆ. ಲಾರ್ಕ್‌ಸ್ಪರ್‌ನಲ್ಲಿ ಈ ಕಾರಣಕ್ಕೆ ಅರ್ಧ ಗಂಟೆಯ ಪ್ರಯಾಣದ ಒಂದು ಪಾಲು ಮೆಲ್ಲನೆ ಸಾಗುತ್ತದೆ. ಇಮ್ಮಡಿ ಶಕ್ತಿಯ ಎಂಜಿನ್ ಅಲ್ಲಿ ತೆಪ್ಪಗಿರಬೇಕು.

ಮಂಜಿನ ಮಾತು ಕೇಳದೆ ಈ ಊರಿನ ಕತೆ ಮುಗಿಯದು. 1901ರ ನವೆಂಬರಿನಲ್ಲಿ ಸ್ಯಾನ್ ರಫೇಲ್ ಎಂಬ ಫೆರಿ ದಟ್ಟ ಮಂಜಿನಲ್ಲಿ ಇನ್ನೊಂದು ಫೆರಿಗೆ ಢಿಕ್ಕಿಯಾಗಿ ಮುಳುಗಿತ್ತು. 1971ರಲ್ಲಿ ಎರಡು ಎಣ್ಣೆ ಹಡಗುಗಳು ಗೋಲ್ಡನ್ ಗೇಟ್ ಬಳಿ ಮಂಜಿನಲ್ಲೇ ಒಂದಕ್ಕೊಂದು ಗುದ್ದಿದ ಮೇಲೆ ಕೋಸ್ಟ್ ಗಾರ್ಡ್ ಇಲ್ಲಿ ಹಡಗು ಸಂಚಾರ ನಿಯಂತ್ರಣ ಕೇಂದ್ರವನ್ನು ಗಟ್ಟಿಮಾಡಿತು. ಯೆರ್ಬಾ ಬ್ಯುಯೆನಾ ದ್ವೀಪದಲ್ಲಿರುವ ಆ ಕೇಂದ್ರ ರಡಾರ್ ಮತ್ತು ರೇಡಿಯೊ ಮೂಲಕ ಸರಕು ಹಡಗುಗಳ ಜೊತೆ ಫೆರಿಗಳ ಮೇಲೂ ಕಣ್ಣಿಟ್ಟಿರುತ್ತದೆ.

ಪ್ರಯಾಣಿಕನ ಗಡಿಯಾರ ಮಾತ್ರ ಹಡಗು ಹೊರಟಾಗ ಶುರುವಾಗುವುದಿಲ್ಲ, ಮನೆಯ ಬಾಗಿಲು ಹಾಕಿದಾಗ ಶುರುವಾಗುತ್ತದೆ. ನಗರದ ದಡದಲ್ಲಿ ಫೆರಿಗೆ ಅದೃಷ್ಟವಿದೆ: ಇಳಿದವರು ಕಚೇರಿಗಳಿಗೆ ನಡೆದೇ ಹೋಗಬಹುದು, ಟ್ರಾಮ್ ಎದುರಿಗೇ ಇದೆ. ಎದುರು ದಡದಲ್ಲಿ ಹಾಗಿಲ್ಲ. ಮನೆಗಳು ದೂರ, ಕಾರಿನಲ್ಲೇ ಬರಬೇಕು, ನಿಲುಗಡೆಯ ಜಾಗ ತುಂಬಿದ್ದರೆ ಹಡಗು ಖಾಲಿಯಿದ್ದೂ ಪ್ರಯೋಜನವಿಲ್ಲ. 2019ರ ಡಿಸೆಂಬರಿನಲ್ಲಿ ಉತ್ತರದ ಪಟ್ಟಣಗಳಿಂದ ಸ್ಮಾರ್ಟ್ ಎಂಬ ಹೆಸರಿನ ರೈಲು ಲಾರ್ಕ್‌ಸ್ಪರ್‌ವರೆಗೆ ಬಂತು. ನಿಲ್ದಾಣದಿಂದ ಫೆರಿ ಕಟ್ಟೆಗೆ ಹತ್ತು ನಿಮಿಷದಷ್ಟು ನಡಿಗೆ. ಕೋಟಿಗಟ್ಟಲೆ ಡಾಲರ್ ಸುರಿದು ಹಳಿ ಹಾಕಿದವರು ಕಡೆಯ ಅಷ್ಟು ದೂರವನ್ನು ಪ್ರಯಾಣಿಕನ ಕಾಲಿಗೆ ಬಿಟ್ಟರು. ಮಳೆಯಲ್ಲಿ, ಹೊರಡಲು ಮೂರು ನಿಮಿಷವಿರುವ ಹಡಗನ್ನು ದೂರದಿಂದ ನೋಡುತ್ತ ಓಡುವವನಿಗೆ 27 ನಾಟ್ ಆದರೇನು, 34 ಆದರೇನು?

ಹಣ ಎಲ್ಲಿಂದ? ಟಿಕೆಟ್‌ನಿಂದ ಪೂರ್ತಿ ಹುಟ್ಟುವುದಿಲ್ಲ. ಬೆಳಿಗ್ಗೆ ತುಂಬಿ ಬಂದ ಹಡಗು ಖಾಲಿಯಾಗಿ ಮರಳುತ್ತದೆ, ನಡುಹಗಲು ಕಟ್ಟೆಗೆ ಕಟ್ಟಿರುತ್ತದೆ, ಸಂಜೆ ಮತ್ತೆ ತುಂಬುತ್ತದೆ. ಮೂರು ಮೂರು ಗಂಟೆಯ ಎರಡು ತುಂಡು ಕೆಲಸಕ್ಕೆ ಇಡೀ ದಿನದ ಸಿಬ್ಬಂದಿ ಬೇಕು. ಕೊರತೆಯ ದೊಡ್ಡ ಪಾಲನ್ನು ತುಂಬುವುದು ಸೇತುವೆಗಳ ಟೋಲ್. 2004ರಲ್ಲೂ 2018ರಲ್ಲೂ ಇಲ್ಲಿನ ಮತದಾರರು ಸರ್ಕಾರಿ ಸೇತುವೆಗಳ ಟೋಲ್ ಏರಿಸಲು ಒಪ್ಪಿದರು, ಅದರ ಒಂದು ಭಾಗ ಫೆರಿಗೆ. ಕಾರಿನವನಿಗೆ ಇದು ಅನ್ಯಾಯವೆನಿಸಬಹುದು. ಆದರೆ ಫೆರಿಯಲ್ಲಿ ಹೋಗುವ ಪ್ರತಿಯೊಬ್ಬ ಇವನ ಮುಂದೆ ನಿಲ್ಲಬಹುದಾಗಿದ್ದ ಒಂದು ಕಾರನ್ನು ತೆಗೆದಿದ್ದಾನೆ. 2020ರ ಸೋಂಕಿನ ಕಾಲದಲ್ಲಿ ಕಚೇರಿಗಳು ಮನೆಗೆ ಹೋದಾಗ ಹಡಗುಗಳು ಬರಿದಾದವು. 2021ರ ಜುಲೈಯಲ್ಲಿ ದರ ಇಳಿಸಿ, ಹಗಲು ಮತ್ತು ವಾರಾಂತ್ಯದ ಸಂಚಾರಕ್ಕೆ ಒತ್ತು ಕೊಟ್ಟು ಜನರನ್ನು ಮರಳಿ ಕರೆದರು.

ಇನ್ನೊಂದು ಕಾರಣ ಸಂಸ್ಥೆಯ ಹೆಸರಿನಲ್ಲೇ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಬೇ ಫೆರಿ ನಡೆಸುವ ಪ್ರಾಧಿಕಾರದ ಹೆಸರನ್ನು ಕನ್ನಡಿಸಿದರೆ ‘ಜಲ ತುರ್ತು ಸಾರಿಗೆ ಪ್ರಾಧಿಕಾರ’. 2007ರಲ್ಲಿ ರಾಜ್ಯ ಕಾನೂನು ಕೊಟ್ಟ ಹೆಸರಿದು. ನಾಳೆ ಭೂಮಿ ನಡುಗಿ ಸೇತುವೆಯೂ ಕೊಳವೆಯೂ ಮುಚ್ಚಿದರೆ ಜನರನ್ನು ದಾಟಿಸುವುದು ಅದರ ಹೊಣೆ. ತುರ್ತಿಗೆಂದು ಹಡಗುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಡಲು ಆಗುವುದಿಲ್ಲ. ಎಂಜಿನ್ ತುಕ್ಕು ಹಿಡಿಯುತ್ತದೆ, ಕ್ಯಾಪ್ಟನ್‌ಗೆ ದಡ ಮರೆಯುತ್ತದೆ. ದಿನಾ ಕಚೇರಿಗೆ ಹೋಗುವವರನ್ನು ಸಾಗಿಸುತ್ತಿದ್ದರೆ ಎರಡೂ ಸಿದ್ಧವಿರುತ್ತವೆ. 2020ರಲ್ಲಿ ಮುಗಿದ ಫೆರಿ ಬಿಲ್ಡಿಂಗ್ ಪಕ್ಕದ ಹೊಸ ಕಟ್ಟೆಗಳನ್ನು ದೊಡ್ಡ ಭೂಕಂಪದ ಮರುದಿನವೂ ಬಳಸುವಂತೆ ಕಟ್ಟಿದ್ದಾರೆ. 2013ರಲ್ಲಿ ಬಾರ್ಟ್ ನೌಕರರು ಎರಡು ಸಲ ಮುಷ್ಕರ ಹೂಡಿದಾಗ ಫೆರಿ ಕಟ್ಟೆಗಳಲ್ಲಿ ಸಾಲು ಉದ್ದವಾಗಿ ಬೆಳೆದು, ಈ ಹೆಸರಿನ ಅರ್ಥ ಭೂಕಂಪವಿಲ್ಲದೆಯೂ ತಿಳಿಯಿತು.

ಈಗ ಡೀಸೆಲ್ ಬಿಡುವ ಮಾತು ನಡೆದಿದೆ. 2024ರ ಜುಲೈಯಲ್ಲಿ ಸೀ ಚೇಂಜ್ ಎಂಬ 75 ಜನರ ಹೈಡ್ರೋಜನ್ ಫೆರಿ ನಗರದ ದಂಡೆಯುದ್ದಕ್ಕೂ ಓಡತೊಡಗಿತು. ಗಿಡ್ಡ ಮಾರ್ಗಗಳಿಗೆ ಬ್ಯಾಟರಿ ಹಡಗುಗಳ ಯೋಜನೆಯಿದೆ. ಇಲ್ಲಿಯೂ ತೊಡಕು ಹಡಗಿನದಲ್ಲ. 400 ಜನರ ಹಡಗಿನ ಎಂಜಿನ್‌ಗಳು ಒಟ್ಟು ಮೂರು ಮೆಗಾವಾಟಿನ ಆಸುಪಾಸು. 25 ನಿಮಿಷ ದಾಟುವಷ್ಟರಲ್ಲಿ ಸಾವಿರ ಯೂನಿಟ್ ವಿದ್ಯುತ್ ಖರ್ಚಾಯಿತೆನ್ನಿ. ಅದನ್ನು ಹತ್ತು ನಿಮಿಷದಲ್ಲಿ ತುಂಬಲು ಆರು ಮೆಗಾವಾಟ್ ಹರಿಯುವ ತಂತಿ ಕಟ್ಟೆಯವರೆಗೆ ಬರಬೇಕು. ಐದು ನಿಮಿಷದಲ್ಲಾದರೆ ಹನ್ನೆರಡು. ಕಟ್ಟೆಯೋ ಉಬ್ಬರದೊಂದಿಗೆ ಆರು ಅಡಿ ಏರಿಳಿಯುವಂಥದ್ದು. ತೇಲುವ ಕಟ್ಟೆಯೊಳಗೇ ಬ್ಯಾಟರಿ ಇಟ್ಟು, ಹಡಗಿಲ್ಲದ ಹೊತ್ತಿನಲ್ಲಿ ಮೆಲ್ಲಗೆ ತುಂಬಿಸಿಕೊಂಡು, ಬಂದಾಗ ಒಮ್ಮೆಗೇ ಸುರಿಯುವುದು ಒಂದು ಉಪಾಯ. ಅದು ಬೇಡವೆಂದರೆ ಹಡಗು ಇನ್ನೈದು ನಿಮಿಷ ದಡದಲ್ಲೇ ನಿಲ್ಲಬೇಕು. ನಿಂತರೆ ಸುತ್ತು ಮತ್ತೆ 70 ನಿಮಿಷಕ್ಕೆ ಬರುತ್ತದೆ, ಬಿಟ್ಟೆವೆಂದುಕೊಂಡ ಮೂರನೆಯ ಹಡಗನ್ನು ಕೊಳ್ಳಬೇಕಾಗುತ್ತದೆ.